ಎರಡು ದಿನದ ಮುಯ್ಯಿ

“ಗಾಡಿ ನಿಲ್ಸಿ! ನಿಲ್ಸಿ ಅಂದ್ರೆ ನಿಲ್ಸಿ!”

ವೀರನಹೊಸಹಳ್ಳಿಯ ರಸ್ತೆಯ ನಟ್ಟನಡುವೆ ಎರಡೂ ಕೈ ಅಗಲಿಸಿ ನಿಂತಿದ್ದಳು ಯಶೋಧರಾ. ಮೊಣಕೈವರೆಗೂ ಹೊಗೆಸೊಪ್ಪಿನ ಸಸಿಮಡಿಯ ಕೆಸರು. ಎದುರಿಗೆ ಬಂದ ಬಿಳಿ ಟೆಂಪೊ ಟ್ರಾವೆಲರ್ ಕಿರ್ರ್... ಎಂದು ಅವಳಿಂದ ಒಂದು ಮಾರು ದೂರದಲ್ಲಿ ನಿಂತಿತು.

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ.

“ಏನ್ರೀ! ಸಾಯೋ ಆಸೆನಾ ನಿಮಗೆ?”

“ಅಲ್ಲ. ಹಡಗು ನೋಡೋ ಆಸೆ!”

ಇನ್ನೂ ನಾಲ್ಕು ಬಯ್ಯಲು ತೆರೆದಿದ್ದ ಮಾದೇಶನ ಬಾಯಿ ತೆರೆದ ಹಾಗೇ ಉಳಿಯಿತು. ಚುಂಚನಕಟ್ಟೆಯ ಭತ್ತದ ಗದ್ದೆ ಬಿಟ್ಟು ಎಂಟು ವರ್ಷದಿಂದ ಗಾಡಿ ಓಡಿಸುತ್ತಿದ್ದ ಅವನು. ನಾಗರಹೊಳೆ ಗೇಟಿನವರೆಗೆ ಅದೆಷ್ಟು ಜನರನ್ನು ಕರೆತಂದಿದ್ದನೋ! ಆನೆ ನೋಡಬೇಕು, ಹುಲಿ ನೋಡಬೇಕು ಎಂದವರುಂಟು. ಕಾಡಂಚಿನ ಈ ಊರಲ್ಲಿ ನಿಂತು ಹಡಗು ಕೇಳಿದವಳು ಇವಳೊಬ್ಬಳೇ.

“ಮಂಗಳೂರಿಗೆ ಟ್ರಿಪ್ ಹೋಗ್ತೀರಂತಲ್ಲ, ನೌಕಾ ಉತ್ಸವಕ್ಕೆ? ಅಂಗಡೀಲಿ ಚೀಟಿ ಅಂಟಿಸಿದ್ರಿ. ನಂಗೆ, ನಮ್ಮಪ್ಪಂಗೆ ಎರಡು ಸೀಟು ಬೇಕು.”

“ಚೀಟೀಲಿ ಫೋನ್ ನಂಬರ್ ಇತ್ತಲ್ರೀ!”

“ಹತ್ತು ಸಲ ಮಾಡ್ದೆ. ಎತ್ತಿದ್ರಾ?”

ಮಾದೇಶ್ ಫೋನ್ ತೆಗೆದು ನೋಡಿದ. ಹತ್ತಲ್ಲ, ಹನ್ನೊಂದು ಮಿಸ್ಡ್ ಕಾಲ್! ಅವಳ ಹಣೆಯ ಮೇಲಿನ ಕೆಸರಿನ ಗೀಟು ನೋಡಿದ. ಅವನಿಗೆ ನಗು ಬಂತು, ನಗಲು ಧೈರ್ಯ ಬರಲಿಲ್ಲ.

“ಬರ್ಕೊಂಡೆ ಕಣ್ರೀ... ಎರಡು ಸೀಟು. ಈಗ ದಾರಿ ಬಿಡ್ತೀರಾ?”

ಇಷ್ಟೊಂದು ಆತುರ ಯಾಕೆ ಅಂತೀರಾ? ಅವಳ ತಂಗಿ ಪ್ರಿಯಾ ನೌಕಾಪಡೆ ಸೇರಿ ಒಂದೂವರೆ ವರ್ಷವಾಗಿತ್ತು. ಅವ್ವ ತೀರಿಕೊಂಡಾಗ ಪ್ರಿಯಾಗೆ ಎಂಟು ವರ್ಷ, ಯಶೋಧರಾಗೆ ಹದಿನೈದು. ಅಂದಿನಿಂದ ತಂಗಿಗೆ ಜಡೆ ಹಾಕಿದ್ದು, ಜ್ವರ ಬಂದರೆ ತಲೆಗೆ ಬಟ್ಟೆ ಕಟ್ಟಿದ್ದು, ಕೊನೆಗೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿಸಿ ಅತ್ತಿದ್ದು, ಎಲ್ಲಾ ಅಕ್ಕನೇ.

ಮೊನ್ನೆ ಫೋನಿನಲ್ಲಿ ಪ್ರಿಯಾ ಹೇಳಿದ್ದಳು: “ಅಕ್ಕಾ, ಮೇ ಕೊನೇ ಭಾನುವಾರ ಉತ್ಸವ. ಪೆರೇಡಲ್ಲಿ ನಾನೂ ಇರ್ತೀನಿ! ಆಮೇಲೆ ಏರ್ ಶೋ. ಅದು ಮುಗಿದ್ರೆ ಆರು ತಿಂಗಳು ಸಮುದ್ರದ ಮೇಲೆ... ಬತ್ತೀಯ ತಾನೆ?”

ಆ ‘ಬತ್ತೀಯ ತಾನೆ’ಗೆ ಇಲ್ಲ ಎನ್ನಲು ಯಶೋಧರಾಗೆ ಈ ಜನ್ಮದಲ್ಲಿ ಸಾಧ್ಯವಿರಲಿಲ್ಲ.

ಪ್ರವಾಸದ ತಯಾರಿ ಶುರುವಾಯಿತು ನೋಡಿ! ‘ಹಡಗು ನೋಡೋರು’ ಎಂದು ವಾಟ್ಸಾಪ್ ಗ್ರೂಪಾಯಿತು. ಸಂಜೆ ಸಂಜೆ ಮಾದೇಶನ ಗಾಡಿ ಯಶೋಧರಾ ಮನೆ ಮುಂದೆ ನಿಲ್ಲತೊಡಗಿತು. ಅವಳ ಅಪ್ಪ ದೊಡ್ಡಮಾದಯ್ಯನಿಗೆ ಮಂಡಿನೋವು. ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರು ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು.

“ಬೆಳಿಗ್ಗೆ ಐದಕ್ಕೆ ಬಿಡೋದು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ. ಮಡಿಕೇರೀಲಿ ತಿಂಡಿ. ಘಾಟಿ ಇಳಿದ್ರೆ ಸುಳ್ಯ, ಪುತ್ತೂರು...” ಮಾದೇಶ್ ಬೆರಳು ಮಡಚುತ್ತ ಹೇಳುತ್ತಿದ್ದ.

“ಘಾಟೀಲಿ ವಾಂತಿ ಮಾಡೋರು ಯಾರ್ಯಾರು, ಈಗ್ಲೇ ಕೈ ಎತ್ತಿ,” ಎಂದಳು ಯಶೋಧರಾ.

ಪಕ್ಕದ ಮನೆಯ ಚಿಕ್ಕಸಿದ್ದಮ್ಮ ಎರಡೂ ಕೈ ಎತ್ತಿದರು. “ನಂಗೆ ಕಿಟ್ಕಿ ಪಕ್ಕ ಬೇಕು ಕಣವ್ವ. ಅಲ್ಲಾ ಕಣ್ಲಾ ಮಾದೇಶ, ಆ ಇಮಾನ ತಲೆಕೆಳಗಾಗಿ ಆರ್ತದಂತಲ್ಲ, ಒಳಗಿರೋನು ಉದುರೋದ್ರೆ?”

“ಬೆಲ್ಟ್ ಹಾಕ್ಕೊಂಡಿರ್ತಾನೆ ಕಣಮ್ಮ!”

“ಅಂಗಾರೆ ಸರಿ ಬುಡು. ನಾನು ರೊಟ್ಟಿ, ಉಚ್ಚೆಳ್ಳು ಚಟ್ನಿ ತತ್ತೀನಿ.”

ಯಶೋಧರಾ ನಕ್ಕಳು. ಮಾದೇಶ್ ಆ ನಗುವನ್ನೇ ನೋಡುತ್ತಿದ್ದ. ಅವಳು ಇತ್ತ ತಿರುಗಿದ ಕೂಡಲೇ ಚಾವಣಿ ನೋಡಿದ.

“ನಿಮಗೆ ಮುಂದಿನ ಸೀಟು ಇಟ್ಟಿದೀನಿ,” ಎಂದ ಒಂದು ಸಂಜೆ, ಹೊರಡುವಾಗ, ಯಾರಿಗೂ ಕೇಳದಂತೆ.

“ಯಾಕೆ? ನಾನೇನ್ ವಾಂತಿ ಮಾಡಲ್ಲ.”

“ಅಲ್ಲಿಂದ ದಾರಿ ಚೆನ್ನಾಗಿ ಕಾಣುತ್ತೆ... ಅದುಕ್ಕೆ.”

ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು. ದೊಡ್ಡಮಾದಯ್ಯ ಏನೂ ಹೇಳದೆ ಉಂಡೆದ್ದರು.

ಹೊರಡಲು ಮೂರು ದಿನ ಇದೆ ಎನ್ನುವಾಗ, ಗುರುವಾರ ಮಧ್ಯಾಹ್ನ ಮಳೆ ಬಂತು.

ಹುಬ್ಬು ತೊಯ್ಯುವ ಮಳೆಯಲ್ಲ, ಸಾಲು ತುಂಬುವ ಹದಮಳೆ! ಊರಿಗೆ ಊರೇ ಖುಷಿಯಾಯಿತು. ಯಶೋಧರಾ ಮಾತ್ರ ಕ್ಯಾಲೆಂಡರಿನತ್ತ ಓಡಿದಳು.

ಹೊಗೆಸೊಪ್ಪಿನ ಸಸಿ ಬಲಿತು ನಿಂತಿರುವಾಗ ಹದ ಸಿಕ್ಕರೆ ಮೂರು ದಿನದಲ್ಲಿ ನೆಟ್ಟುಬಿಡಬೇಕು. ಎಲ್ಲರ ಹೊಲದಲ್ಲೂ ಒಟ್ಟಿಗೇ ಕೆಲಸ, ಕೂಲಿಗೆ ಯಾರೂ ಸಿಗುವುದಿಲ್ಲ. ಅದಕ್ಕೇ ಅಲ್ಲಿ ಮುಯ್ಯಿ. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಹದಿನೈದು ದಿನದ ಹಿಂದೆ ಮೊದಲ ಮಳೆಗೆ ಚಿಕ್ಕಸಿದ್ದಮ್ಮ, ಕುಳ್ಳಮ್ಮ, ಬೀರಮ್ಮ ಮೂವರೂ ಬಂದು ಯಶೋಧರಾಳ ಹೊಲ ನೆಟ್ಟುಕೊಟ್ಟಿದ್ದರು. ಈಗ ಅವಳ ಸರದಿ. ಶುಕ್ರವಾರ ಚಿಕ್ಕಸಿದ್ದಮ್ಮನ ಹೊಲ. ಶನಿವಾರ ಕುಳ್ಳಮ್ಮನದು. ಭಾನುವಾರ... ಬೀರಮ್ಮನದು.

ಭಾನುವಾರ!

ಮುಯ್ಯಿ ಬಿಟ್ಟು ವಿಮಾನ ನೋಡಲು ಹೋಗುವುದೇ? ಅಪ್ಪನಿಗೆ ಮೇಲೇಳಲೂ ಆಗದಿದ್ದಾಗ ಹೊಲಕ್ಕಿಳಿದ ಹೆಂಗಸರ ಮುಖವನ್ನು ಮತ್ತೆ ಹೇಗೆ ನೋಡುವುದು?

ಕಣ್ಣು ಒರೆಸಿಕೊಂಡು ಗ್ರೂಪಿನಲ್ಲಿ ಬರೆದಳು: ‘ನಾನು ಬರಕ್ಕಾಗಲ್ಲ. ಭಾನುವಾರ ಮುಯ್ಯಿ ಇದೆ. ಅಪ್ಪನ್ನ ಜೋಪಾನವಾಗಿ ಕರ್ಕೊಂಡು ಹೋಗಿ.’

ಎಲ್ಲರೂ ‘ಅಯ್ಯೋ’ ಎಂದರು. ಮಾದೇಶ್ ಓದಿದ, ನೀಲಿ ಗೀಟು ಬಂತು. ಉತ್ತರ ಬರಲಿಲ್ಲ.

ಒಂದು ಗಂಟೆ... ಎರಡು ಗಂಟೆ... ಊಹೂಂ.

ಶುಕ್ರವಾರ ಚಿಕ್ಕಸಿದ್ದಮ್ಮನ ಹೊಲದಲ್ಲಿ ಸಸಿ ನೆಡುತ್ತಿದ್ದಾಗ ಅವರೇ ಮಾತು ತೆಗೆದರು. “ನೀನ್ ಬರಲ್ವಲ್ಲ, ಮುಂದಿನ ಸೀಟು ನಂಗ್ ಕೊಡ್ಲಾ ಅಂತ ಬೆಳಿಗ್ಗೆ ಮಾದೇಶನ್ನ ಕೇಳ್ದೆ ಕಣವ್ವ. ಅದು ಬುಕ್ಕಾಗೋಗದೆ ಅಂದ.”

ಯಶೋಧರಾಳ ಕೈ ನಿಂತಿತು.

‘ಬುಕ್ ಆಗೋಯ್ತಾ? ಇಷ್ಟು ಬೇಗನಾ? ಒಂದು ಮಾತು ಸಮಾಧಾನ ಹೇಳಕ್ಕೆ ಪುರುಸೊತ್ತಿಲ್ಲ, ಸೀಟು ಇನ್ನೊಬ್ಬರಿಗೆ ಕೊಡಕ್ಕೆ ಪುರುಸೊತ್ತಿದೆ!’

ಫೋನ್ ಮಾಡಿದಳು. ಎತ್ತಲಿಲ್ಲ. ಅವನಿಗೆ ಬೇಕಿದ್ದದ್ದು ಗಾಡಿ ತುಂಬುವುದೊಂದೇ ಎಂದುಕೊಂಡಳು. ಸುಮ್ಮನೆ ಏನೇನೋ ಆಸೆ ಕಟ್ಟಿಕೊಂಡ ತನ್ನ ಮೇಲೆಯೇ ಸಿಟ್ಟು ಬಂತು. ಸಂಜೆ ಪ್ರಿಯಾ ಫೋನ್ ಮಾಡಿ, “ಅಕ್ಕಾ, ನನ್ನ ಬಿಳಿ ಡ್ರೆಸ್ ಇಸ್ತ್ರಿ ಆಯ್ತು!” ಎಂದಾಗ, “ಜೋಪಾನವಾಗಿ ಮಡಚಿಡು ಕಣೆ,” ಎಂದಳೇ ಹೊರತು ಬರುವುದಿಲ್ಲ ಎಂದು ಹೇಳಲಿಲ್ಲ. ಫೋನಿಟ್ಟು ಬಚ್ಚಲಿಗೆ ಹೋಗಿ ಅತ್ತಳು.

ಶನಿವಾರ ಬೆಳಕು ಹರಿಯುತ್ತಿದ್ದಂತೆಯೇ ಕೆರೆ ಆಚೆಗಿನ ಕುಳ್ಳಮ್ಮನ ಹೊಲಕ್ಕೆ ಬಂದಳು. ಬಂದವಳು ಬದುವಿನ ಮೇಲೇ ನಿಂತುಬಿಟ್ಟಳು.

ಹೊಲ ಆಗಲೇ ನಾಟಿಯಾಗಿತ್ತು! ಎರಡಡಿಗೊಂದರಂತೆ ಚೆಂದದ ಸಾಲುಗಳು. ಆದರೆ ಅಂಚಿನ ಎರಡು ಸಾಲು? ಅಯ್ಯೋ ದೇವರೇ! ಗೇಣಿಗೊಂದು ಗುಂಪು, ಒಂದೊಂದು ಗುಂಪಿನಲ್ಲಿ ಮೂರು ಮೂರು ಸಸಿ! ಹೊಗೆಸೊಪ್ಪನ್ನು ಹೀಗೆ ನೆಡುವ ದಡ್ಡರು ಈ ಸೀಮೆಯಲ್ಲೇ ಇಲ್ಲ.

“ಇದ್ಯಾರತ್ತೆ, ಭತ್ತದ ನಾಟಿ ಹಾಕಿರೋರು?”

ಬದುವಿನಲ್ಲಿ ಕೂತಿದ್ದ ಕುಳ್ಳಮ್ಮ ಎಲೆಅಡಿಕೆ ಉಗಿದು ಹೊಟ್ಟೆ ಹಿಡಿದು ನಕ್ಕರು.

“ಇನ್ಯಾರವ್ವ, ನಿಮ್ ಮನೆ ಆಳು! ಚುಂಚನಕಟ್ಟೆ ಗದ್ದೆಯೋನಲ್ವಾ? ಹಿಂದ್ ಹಿಂದಕ್ಕೆ ನಡ್ಕೊಂಡು ಬಗ್ಗಿದ್ದೇ ಬಗ್ಗಿದ್ದು. ಎರಡು ಸಾಲು ಆದ್ಮೇಲೆ ನೋಡ್ದೆ. ಲೇ, ಇದು ಸೊಪ್ಪು ಕಣ್ಲಾ, ಬತ್ತ ಅಲ್ಲ ಅಂತ ಬಯ್ದು ತೋರ್ಸಿದ್ ಮೇಲೆ ಸರಿ ಹೋದ.”

ಚುಂಚನಕಟ್ಟೆ... ಮಾದೇಶ್!

“ಅವ್ರು ಯಾಕೆ ಇಲ್ಲಿ...”

“ನಿನ್ ಮುಯ್ಯಿ ತೀರ್ಸಕ್ಕೆ ಕಣವ್ವ! ನಿನ್ನೆ ಒತ್ತಾರೆನೇ ಬಂದ. ನಾನ್ ಒಪ್ಲಿಲ್ಲ. ಮುಯ್ಯಿ ಅನ್ನೋದು ಮನೆಗೂ ಮನೆಗೂ ಇರೋದು. ಆ ಮನೆಯೋರೇ ಬಂದು ತೀರುಸ್ಬೇಕು. ಆಚೆಯೋನು ಬಂದ್ರೆ ಅದು ಕೂಲಿ ಆಯ್ತದೆ, ಮುಯ್ಯಿ ಆಗಲ್ಲ. ನೀನ್ ಯಾರ್ಲಾ ಆ ಮನೆಗೆ ಅಂತ ಕೇಳ್ದೆ.”

“ಅದಕ್ಕೆ... ಏನಂದ್ರು?”

“ಆ ಮನೆ ಅಳಿಯ ಆಗೋನು ಅಂದ!” ಕುಳ್ಳಮ್ಮನ ಕಣ್ಣು ಮಿನುಗಿತು. “ಮುಯ್ಯಿ ತೀರ್ತು ಅಂದ್ಬುಟ್ಟು, ಇವತ್ತಿನ ನಾಟಿ ನಿನ್ನೆನೇ ಇಟ್ಕೊಂಡೆ. ಇವತ್ತು ಬೀರಮ್ಮನ ಒಲದಲ್ಲವ್ನೆ, ಅವ್ಳೂ ನಾಳೆ ಬದ್ಲು ಇವತ್ತೇ ನಾಟಿ ಇಟ್ಕೊಂಡವ್ಳೆ. ಹೋಗು, ನೋಡೋಗು.”

ಯಶೋಧರಾ ಓಡಿದಳು. ಸಿಟ್ಟೋ ಸಂತೋಷವೋ ಅವಳಿಗೇ ತಿಳಿಯಲಿಲ್ಲ. ಎರಡೂ ಇತ್ತು ಅನ್ನಿ!

ಬೀರಮ್ಮನ ಹೊಲದ ಮಧ್ಯೆ ಪ್ಯಾಂಟು ಮಡಚಿ ಬಗ್ಗಿದ್ದ ಮಾದೇಶ್, ಅವಳನ್ನು ಕಂಡು ಎದ್ದು ನಿಲ್ಲಲು ಹೋದ. ಸೊಂಟ ಅರ್ಧಕ್ಕೇ ಹಿಡಿದುಕೊಂಡಿತು. “ಅಮ್ಮಾ...” ಎಂದ.

“ನನ್ನ ಸೀಟು ಯಾರಿಗ್ರೀ ಬುಕ್ ಮಾಡಿದ್ದು?”

“ನಿಮಗೇ! ಮೊದಲನೇ ದಿನದಿಂದ ನಿಮಗೇ ಬುಕ್ ಆಗಿದೆ.”

“ಫೋನ್ ಯಾಕೆ ಎತ್ತಲಿಲ್ಲ?”

“ಎತ್ತಿದ್ರೆ ನೀವು ಬೇಡ ಅಂದ್ಬಿಡ್ತಿದ್ರಿ. ನಿಮಗೆ ಎದುರು ಮಾತಾಡಕ್ಕೆ ನಂಗೆ ಬರಲ್ಲ. ಅದುಕ್ಕೆ ಫೋನ್ನ ಗಾಡೀಲೇ ಬಿಟ್ ಬಂದೆ.”

“ಊರೋರಿಗೆಲ್ಲ ಅಳಿಯ ಆಗೋನು ಅಂತ ಹೇಳ್ಕೊಂಡು ತಿರುಗ್ತಿದ್ದೀರಲ್ಲ, ನಮ್ಮಪ್ಪಂಗೆ ಗೊತ್ತಾ?”

“ಗುರುವಾರ ಸಂಜೆನೇ, ನೀವು ಮನೇಲಿಲ್ದಾಗ, ಕಾಲಿಗೆ ಬಿದ್ದು ಕೇಳ್ದೆ. ಅವ್ಳು ಒಪ್ಪಿದ್ರೆ ನಂದೇನಿಲ್ಲ ಅಂದ್ರು.”

“ಅಂದ್ರೆ ಅಪ್ಪಂಗೆ ಹೇಳಿದ್ರಿ, ಕುಳ್ಳಮ್ಮತ್ತೆಗೆ ಹೇಳಿದ್ರಿ, ಬೀರಮ್ಮಂಗೆ ಹೇಳಿದ್ರಿ. ನನ್ನೊಬ್ಬಳನ್ನ ಬಿಟ್ಟು! ನನ್ನ ಕೇಳ್ಬೇಕು ಅನ್ನಿಸ್ಲೇ ಇಲ್ವಾ?”

ಮಾದೇಶನ ಮುಖ ಸಪ್ಪಗಾಯಿತು. “ತಪ್ಪಾಯ್ತು ಕಣ್ರೀ. ತಂಗೀನ ನೋಡ್ದೆ ನೀವು ಆರು ತಿಂಗಳು ಕೊರಗ್ತೀರಲ್ಲ, ಅದು ನನ್ನ ಕೈಲಿ ತಡೆಯಕ್ಕಾಗಲ್ಲ ಅನ್ನಿಸ್ತು. ಬೇರೇನೂ ಹೊಳೀಲಿಲ್ಲ. ಈಗ ಕೇಳ್ತೀನಿ. ನಂಗೆ ನೀವಂದ್ರೆ ಇಷ್ಟ... ತುಂಬಾ ಇಷ್ಟ. ಏನಂತೀರಿ?”

ಸುತ್ತಲಿನ ಹೆಂಗಸರೆಲ್ಲ ನೆಡುವುದು ಬಿಟ್ಟು ಕಿವಿ ನಿಮಿರಿಸಿದರು.

ಯಶೋಧರಾ ಸೆರಗು ಸಿಕ್ಕಿಸಿ, ಸಸಿಯ ಟ್ರೇ ಎತ್ತಿಕೊಂಡು ಅವನ ಪಕ್ಕದ ಸಾಲಿಗೆ ಇಳಿದಳು. “ಮೊದ್ಲು ಹಡಗು ತೋರ್ಸಿ. ಆಮೇಲೆ ಹೇಳ್ತೀನಿ.”

ಭಾನುವಾರ ಬೆಳಿಗ್ಗೆ ಐದಕ್ಕೆ ಗಾಡಿ ಹೊರಟಿತು. ಮುಂದಿನ ಸೀಟಿನಲ್ಲಿ ಯಶೋಧರಾ. ಮಡಿಕೇರಿ ಘಾಟಿಯ ಪ್ರತಿ ತಿರುವಿಗೂ ಸೊಂಟ ಹಿಡಿದು ಅವನು “ಸ್...” ಎಂದಾಗ ಅವಳು ಕಿಟಕಿ ಕಡೆ ತಿರುಗಿ ನಗು ನುಂಗಿದಳು.

ಸಮುದ್ರ ಕಂಡಾಗ ಚಿಕ್ಕಸಿದ್ದಮ್ಮ ಕೈಮುಗಿದರು. ನೀರಿನಲ್ಲಿ ಬೂದುಬಣ್ಣದ ಹಡಗುಗಳು ಬಾವುಟ ಕಟ್ಟಿಕೊಂಡು ನಿಂತಿದ್ದವು. ಬ್ಯಾಂಡು ಮೊಳಗಿತು. ಬಿಳಿ ಸಮವಸ್ತ್ರದ ಸಾಲಿನಲ್ಲಿ ಮೂರನೆಯವಳು... ಪ್ರಿಯಾ! ಯಶೋಧರಾಗೆ ಎಲ್ಲಾ ಮಂಜುಮಂಜಾಯಿತು. ದೊಡ್ಡಮಾದಯ್ಯ ಮಂಡಿನೋವು ಮರೆತು ಎದ್ದು ನಿಂತು ಸೆಲ್ಯೂಟ್ ಹೊಡೆದರು, ಎಡಗೈಯಲ್ಲಿ!

ವಿಮಾನಗಳು ಭೋರ್ ಎಂದು ತಲೆಯ ಮೇಲೆ ಹಾದವು. “ಬಿದ್ವು ಕಣ್ರಪ್ಪೋ!” ಎಂದು ಚಿಕ್ಕಸಿದ್ದಮ್ಮ ಕುಕ್ಕರಗಾಲಲ್ಲಿ ಕೂತರು. ಅವು ಬೀಳಲಿಲ್ಲ. ಕೇಸರಿ, ಬಿಳಿ, ಹಸಿರು ಹೊಗೆ ಬಿಟ್ಟು ಮೋಡದ ಕಡೆ ಏರಿದವು.

ಎಲ್ಲಾ ಮುಗಿದ ಮೇಲೆ ಪ್ರಿಯಾ ಓಡಿ ಬಂದಳು.

“ಬೇಡ ಕಣೆ, ತಬ್ಕೋಬೇಡ! ಉಗುರಲ್ಲಿ ಇನ್ನೂ ಮಣ್ಣದೆ, ಬಿಳಿ ಬಟ್ಟೆ...”

“ಆಗ್ಲಿ ಬುಡಕ್ಕ!”

ಎಷ್ಟು ಹೊತ್ತು ತಬ್ಬಿಕೊಂಡಿದ್ದರೋ! ಆಮೇಲೆ ಅಪ್ಪನನ್ನೂ ಊರಿನವರನ್ನೂ ಹಡಗು ತೋರಿಸಲು ಪ್ರಿಯಾ ಕರೆದೊಯ್ದಳು. ಮರಳಿನ ಮೇಲೆ ಉಳಿದವರು ಇಬ್ಬರೇ.

“ಹಡಗು ತೋರ್ಸಿದೀನಿ,” ಎಂದ ಮಾದೇಶ್, ಅಲೆ ನೋಡುತ್ತ.

“ನೋಡ್ದೆ.”

“ವಿಮಾನಾನೂ ತೋರ್ಸಿದೀನಿ.”

“ಅದೂ ನೋಡ್ದೆ.”

ಅವನು ಅವಳತ್ತ ತಿರುಗಿದ. “ನಿಮ್ಮ ಕಡೆಯಿಂದ ಎರಡು ದಿನದ ಮುಯ್ಯಿ ಬಾಕಿ ಅದೆ. ನಾಲೆಗೆ ನೀರು ಬಿಟ್ರೆ ನಮ್ಮವ್ವನ ಗದ್ದೆ ನಾಟಿ. ಬತ್ತೀರಾ... ಮುಯ್ಯಿ ತೀರ್ಸಕ್ಕೆ?”

“ಮುಯ್ಯಿ ತೀರ್ಸಕ್ಕೆ ನಾನು ಬರಲ್ಲ.”

ಮಾದೇಶ್ ತಲೆ ತಗ್ಗಿಸಿದ. “ಸರಿ ಬಿಡಿ,” ಎಂದ.

ಯಶೋಧರಾ ಅವನ ಕೈ ಹಿಡಿದುಕೊಂಡಳು. ಸಸಿ ನೆಟ್ಟು ಬೊಬ್ಬೆ ಬಂದಿದ್ದ ಆ ಬೆರಳುಗಳನ್ನು ಮೆಲ್ಲಗೆ ಸವರಿದಳು.

“ಮುಯ್ಯಿ ಮನೆಗೂ ಮನೆಗೂ ಇರೋದು ಅಂತ ಕುಳ್ಳಮ್ಮತ್ತೆ ಹೇಳಿಲ್ವಾ? ಒಂದೇ ಮನೆಯೋರ ಮಧ್ಯೆ ಎಲ್ಲಿ ಮುಯ್ಯಿ?”

ಅವನಿಗೆ ಅರ್ಥವಾಗಲು ಒಂದು ಅಲೆ ಬಂದು ಹೋಗುವಷ್ಟು ಹೊತ್ತು ಬೇಕಾಯಿತು.

“ಅಂದ್ರೆ... ನಾಟಿಗೆ?”

“ನಮ್ಮ ಗದ್ದೆ ನಾಟಿಗೆ ನಾನ್ ಬರ್ದೆ ಇನ್ಯಾರ್ ಬತ್ತಾರೆ?”

ಮಾದೇಶನ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ನಕ್ಕ. “ಎರಡಡಿಗೊಂದು ನೆಟ್ಬಿಟ್ಟೀರಾ ಮತ್ತೆ! ನಮ್ಮವ್ವ ಅಟ್ಟಿಸ್ಕೊಂಡು ಬತ್ತಾಳೆ.”

“ನೀವಿದ್ದೀರಲ್ಲ,” ಎಂದಳು ಯಶೋಧರಾ, ಕೈ ಬಿಡದೆ. “ಕಲ್ಸಿ.”