ನೀರು ಕೊಡದ ಸೇಡು

"ನೀವಾ?!"

ಬಾಗಿಲು ತೆಗೆದ ಸಂಧ್ಯಾರಾಣಿ ಬ್ಲೌಸ್ ಬಟ್ಟೆ ಕತ್ತರಿಸುತ್ತಿದ್ದ ಕತ್ತರಿಯನ್ನು ಹಿಡಿದೇ ನಿಂತುಬಿಟ್ಟಳು.

ಹೊಸ್ತಿಲಾಚೆ ಗುರುಬಸವರಾಜ್! ಜಗಳೂರು ತಾಲ್ಲೂಕು ಸೊಕ್ಕೆಯ ಶಾಲಾ ಮೇಷ್ಟ್ರು. ವರ್ಷದ ಹಿಂದೆ ಇದೇ ಹೊನ್ನಾಳಿಯ ಮನೆಗೆ ಹೆಣ್ಣು ನೋಡಲು ಬಂದು, ಎರಡು ತಟ್ಟೆ ಉಪ್ಪಿಟ್ಟು ತಿಂದು, "ಹೇಳಿ ಕಳಿಸ್ತೀವಿ" ಎಂದು ಹೋದವನು... ಹೋದವನು ಹೋದವನೇ!

ಅವತ್ತು ಅವಳು ಕೇಳಿದ್ದು ಒಂದೇ ಪ್ರಶ್ನೆ.

"ನಮ್ಮ ನಾಯಿ ಕೆಂಚನ್ನೂ ಕರ್ಕೊಂಡು ಬರಬೋದಾ?"

ಅವನು ನಕ್ಕಿದ್ದ. "ಅದಕ್ಕೇನ್ರಿ, ಬರಲಿ" ಎಂದಿದ್ದ.

ಆ ನಗುವನ್ನು ನಂಬಿ, ಅವ್ವನ ಫೋನ್ ಸದ್ದಾದಾಗಲೆಲ್ಲ ಎದ್ದು ಓಡಿದ್ದಳು ಹುಚ್ಚಿ! ಕೊನೆಗೆ ಅವ್ವ ಶಂಕ್ರಮ್ಮ, "ಅವರ ಕಡೆಯಿಂದ ಸುದ್ದೀನೇ ಇಲ್ಲ, ಬಿಟ್ಟಾಕು" ಎಂದರು. ನಾಯಿ ಆಸೆಗೆ ಗಂಡು ಕಳ್ಕೊಂಡ್ಳು ಎಂದು ಬೀದಿಯವರು ಆಡಿಕೊಂಡರು. ಅವತ್ತಿನಿಂದ ಅವಳು ಹೊಲಿದ ಹೊಲಿಗೆಗಿಂತ ಹಲ್ಲು ಕಡಿದದ್ದೇ ಹೆಚ್ಚು.

ಈಗ ಅವನ ತೋಳಿನಲ್ಲೇ ಒಂದು ನಾಯಿ! ಕಪ್ಪು ಹೆಣ್ಣು ನಾಯಿ. ಹಿಂದಿನ ಒಂದು ಕಾಲೇ ಇಲ್ಲ.

"ಟ್ರ್ಯಾಕ್ಟರ್ ಹಾಯ್ದಿತ್ತು ರೀ. ಶಾಲೆ ಹಿಂದೆ ಬಿದ್ದಿತ್ತು. ಗಾಯ ಈಗ ಮಾಗೈತೆ" ಎಂದ ಗುರು, ಕಣ್ಣು ಎತ್ತದೆ. "ನಾನೊಬ್ಬನೇ ಇರೋದು, ಹಗಲೆಲ್ಲ ಮನೆಗೆ ಬೀಗ. ಕೂಡಿಹಾಕಿದ್ರೆ ಅಳ್ತದೆ, ಹೊರಗೆ ಬಿಟ್ರೆ ಬೀದಿ ನಾಯಿ ಕಡೀತಾವೆ. ನಿಮಗೆ ನಾಯಿ ಅಂದ್ರೆ ಜೀವ ಅಂತ ಗೊತ್ತಿತ್ತು. ಕೆಂಚನ ಜೊತೆ ಇದನ್ನೂ ಸಾಕಾಕೆ ಆಗ್ತದಾ ಅಂತ... ಕೇಳಾಕೆ ಬಂದೆ."

'ಬಂದೆಯಾ... ನನ್ನ ಬಾಗಿಲಿಗೇ ಬಂದೆಯಾ!' ಎಂದುಕೊಂಡಳು ಸಂಧ್ಯಾ. ಎದೆಯಲ್ಲಿ ಹಾಲು ಕುಡಿದಷ್ಟು ಸಂತೋಷ.

"ಒಳಗೆ ಬರ್ರಿ. ಸುಮ್ನೆ ಹೂಂ ಅನ್ನಾಕೆ ಆಗಲ್ಲ. ಎಲ್ಲಾ ನೋಡಬೇಕು."

ಅವತ್ತು ಕೂತಿದ್ದ ಕುರ್ಚಿಯಲ್ಲೇ ಅವನನ್ನು ಕೂರಿಸಿದಳು. ಬಿಸಿಲಲ್ಲಿ ಬಂದವನು ಶತ್ರುವಾದರೂ ಮೊದಲು ಒಂದು ಚೊಂಬು ನೀರು ಕೊಡುವುದು ಆ ಮನೆಯ ಪದ್ಧತಿ. ಅವಳು ಬಟ್ಟಲಲ್ಲಿ ನೀರು ತಂದು ಅವನ ತೊಡೆಯ ಮೇಲಿದ್ದ ನಾಯಿಯ ಬಾಯಿಗೆ ಹಿಡಿದಳು. ಅವನಿಗೆ ತೊಟ್ಟು ನೀರೂ ಇಲ್ಲ!

ಅಡುಗೆಮನೆ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಶಂಕ್ರಮ್ಮನೂ ಏಕೋ ತಲೆ ಎತ್ತಲಿಲ್ಲ.

ಗುರುವಿಗೆ ಅರ್ಥವಾಯಿತು. ಚೀಲದಿಂದ ತನ್ನದೇ ಸ್ಟೀಲ್ ಬಾಟ್ಲಿ ತೆಗೆದು ಒಂದು ಗುಟುಕು ಕುಡಿದ.

"ಹೆಸರು?" ಎಂದಳು ಸಂಧ್ಯಾ.

"ಪುಟ್ಟಿ."

"ಅಡುಗೆ ಬರ್ತದಾ? ಹಾಡಾಕೆ?"

"ರೀ... ಅದು ನಾಯಿ."

"ನಾನೂ ಮನುಷ್ಯಳೇ ಆಗಿದ್ದೆ! ಅವತ್ತು ನಿಮ್ಮ ಜೊತೆ ಬಂದಿದ್ದ ಚನ್ನಗಿರಿ ಸೋದರತ್ತೆ ಕೇಳಲಿಲ್ವಾ? ಎದ್ದು ನಾಲ್ಕು ಹೆಜ್ಜೆ ನಡೆದು ತೋರಿಸಮ್ಮಾ ಅನ್ನಲಿಲ್ವಾ? ಇವಳನ್ನೂ ನಡೆಸಿ, ನೋಡಾನ."

ಗುರು ಪುಟ್ಟಿಯನ್ನು ಕೆಳಗಿಳಿಸಿದ. ಅದು ಮೂರು ಕಾಲಲ್ಲಿ ಕುಪ್ಪಳಿಸುತ್ತಾ ಸಂಧ್ಯಾಳ ಹತ್ತಿರ ಬಂದು, ಮುಖ ಎತ್ತಿ ನೋಡಿತು.

ಅವಳ ಕೈ ತಾನಾಗಿ ಅದರ ತಲೆಯತ್ತ ಹೋಯಿತು. ಆದರೂ ಸೋಲಲಿಲ್ಲ.

"ಒಂದು ಕಾಲು ಕಮ್ಮಿ ಐತೆ."

"ಹೌದ್ರಿ. ಮುಚ್ಚಿಡಾಕೆ ಬಂದಿಲ್ಲ. ಇದ್ದದ್ದು ಇದ್ದಂಗೆ ತೋರಿಸ್ತಿದೀನಿ."

"ಹಂಗಾದ್ರೆ ನಮ್ಮ ಹುಡುಗನೂ ಒಪ್ಪಬೇಕಲ್ಲ. ಕೆಂಚಾ!"

ಹಿತ್ತಲಿಂದ ಕೆಂಚ ಬಂದ. ಹತ್ತು ವರ್ಷದ ಮುದುಕ, ಆದರೂ ಕಾಂಪೌಂಡ್ ಮೇಲೆ ಕಾಗೆ ಕೂರಲು ಬಿಡದ ಜಗಳಗಂಟ. 'ಒಂದು ಸಲ ಮೇಲೆ ಬೀಳೋ ನನ್ನಪ್ಪ... ನಮ್ಮ ಹುಡುಗ ಒಪ್ಪಲಿಲ್ಲ ಅಂತ ಇವನ ಮುಖದ ಮೇಲೆ ಹೇಳ್ತೀನಿ!' ಎಂದು ಕಾದಳು.

ಕೆಂಚ ಗುರ್ರೆಂದ. ಪುಟ್ಟಿ ಓಡಲಿಲ್ಲ, ಅಲ್ಲೇ ಮಗ್ಗುಲಾಯಿತು. ಅವನು ಸುತ್ತಲೂ ಮೂಸಿದ. ಕಾಲಿಲ್ಲದ ಜಾಗದಲ್ಲಿ ಮೂಗು ನಿಲ್ಲಿಸಿದ... ಒಮ್ಮೆ ನೆಕ್ಕಿದ. ಆಮೇಲೆ ತನ್ನ ಗೋಣಿಚೀಲಕ್ಕೆ ಹೋಗಿ, ಅರ್ಧ ಜಾಗ ಬಿಟ್ಟು ಮಲಗಿದ. ಪುಟ್ಟಿ ಕುಪ್ಪಳಿಸಿ ಹೋಗಿ ಆ ಅರ್ಧದಲ್ಲಿ ಮಲಗಿತು.

'ಥೂ, ಉಂಡ ಮನೆಗೆ ದ್ರೋಹ ಬಗೆದೆಯಲ್ಲೋ!'

ಇನ್ನೊಂದು ಬಾಣ ಉಳಿದಿತ್ತು. ವರ್ಷವಿಡೀ ಮಸೆದಿಟ್ಟದ್ದು. ಸಂಧ್ಯಾ ಎದ್ದು ನಿಂತಳು.

"ಆಯ್ತು, ನೋಡಿದ್ವಿ. ಹೊರಡ್ರಿ. ಹೇಳಿ... ಕಳಿಸ್ತೀವಿ."

ಗುರುವಿನ ಮುಖ ಕೆಂಪಾಯಿತು.

"ಬ್ಯಾಡಾದ್ರೆ ಈಗ್ಲೇ ಬ್ಯಾಡ ಅಂದುಬಿಡ್ರಿ. ನನಗೆ ಅಂದ್ರಲ್ಲ, ಹಂಗೆ!"

"ನಾನಾ?"

"ಮದುವೆ ಬ್ರೋಕರ್ ಕೊಟ್ರಬಸಪ್ಪ ಹೇಳಿದ್ದು ಇನ್ನೂ ಕಿವಿಯಾಗೈತೆ. 'ಹೊಳೆ ದಂಡೆ ಹುಡುಗಿ, ನೀರಿಲ್ಲದ ಊರಿಗೆ ಬರಲ್ಲ ಅಂದ್ಲು.' ಅದಕ್ಕೇ ಇದನ್ನ ಇಲ್ಲಿಗೆ ತಂದೆ. ನಮ್ಮೂರು ನಿಮಗೆ ಆಗಲಿಲ್ಲ... ಈ ಮೂಕ ಪ್ರಾಣಿನಾದ್ರೂ ನೀರಿರೋ ಊರಾಗೆ ಇರಲಿ ಅಂತ."



"ನಾನು ಹಂಗೆ ಅಂದೇ ಇಲ್ಲ! ನೀವೇ ಸುದ್ದಿ..."

ಧಡ್! ಶಂಕ್ರಮ್ಮನ ಕೈಯಿಂದ ಮೊರ ಜಾರಿ ಅಕ್ಕಿಯೆಲ್ಲ ಚೆಲ್ಲಿತು.

"ನಾನಂದಿದ್ದು" ಎಂದರು ಆಕೆ. "ಅವರು ಒಪ್ಪಿಗೆ ಅಂತ ಹೇಳಿ ಕಳಿಸಿದ್ರು, ನಾಯಿ ಸಮೇತ ಬರಲಿ ಅಂದಿದ್ರು. ಜಗಳೂರು ಸೀಮೆಗೆ ಕೊಟ್ರೆ ಇರೋ ಒಬ್ಬ ಮಗಳು ಕೊಡ ಹೊತ್ತೇ ಸಾಯ್ತಾಳೆ ಅಂತ... ನಾನೇ ಬ್ಯಾಡ ಅಂದೆ. ನಿನಗೆ ಸುಳ್ಳು ಹೇಳಿದೆ."



ಒಂದು ವರ್ಷ! ಸಾಕಿ ಸಲಹಿದ ಸೇಡೆಲ್ಲ ತಪ್ಪು ಮನುಷ್ಯನ ಮೇಲೆ! ಬಿಸಿಲಲ್ಲಿ ಬಂದವನಿಗೆ ಒಂದು ಲೋಟ ನೀರೂ ಕೊಡಲಿಲ್ಲವಲ್ಲ ಎಂದು ಸಂಧ್ಯಾಳಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಸಿಟ್ಟು ಬಂತು. ಈ ಸಲ ಅದಕ್ಕೆ ವಿಳಾಸ ಸರಿಯಾಗಿ ಗೊತ್ತಿತ್ತು.

ಅವಳು ಕಿರುಚಾಡಲಿಲ್ಲ. ಗುರುವಿನ ಮುಂದೆ ಕೈ ಚಾಚಿದಳು.

"ಆ ಬಾಟ್ಲಿ ಕೊಡ್ರಿ."

"ಯಾಕ್ರಿ? ಇದು ಸೊಕ್ಕೆ ನೀರು..."

"ಅದಕ್ಕೇ ಕೇಳಿದ್ದು."

ಅವ್ವನ ಕಣ್ಣಲ್ಲಿ ಕಣ್ಣಿಟ್ಟು, ಗಟಗಟನೆ ಕೊನೆಯ ಹನಿಯವರೆಗೂ ಕುಡಿದಳು. ಬಾಯಿ ಒರೆಸಿಕೊಂಡಳು.

"ಅವ್ವಾ, ಆ ಊರಾಗೂ ನೀರೈತೆ. ಒಂಚೂರು ಸವಳು, ಅಷ್ಟೇ."

ಶಂಕ್ರಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ.

"ತಗೊಳಪ್ಪಾ..." ಎಂದು ಗುರುವಿನ ಮುಂದೆ ಹಿಡಿದರು.

ಅವನು ಎದ್ದು ನಿಂತು, ಎರಡೂ ಕೈಯಲ್ಲಿ ಇಸಿದುಕೊಂಡು ಕುಡಿದ.

"ಪುಟ್ಟಿ ವಿಷಯ... ಏನಂತ ತಿಳ್ಕೊಳ್ಳಲಿ ರೀ?" ಎಂದು ಮೆಲ್ಲಗೆ ಕೇಳಿದ.

"ಅವಳು ನಮ್ಮವಳು. ಇನ್ನು ಯಾರಿಗೂ ಕೊಡಲ್ಲ."

"ನನ್ನ ವಿಷಯ... ಹೇಳಿ ಕಳಿಸ್ತೀರಾ?"

"ಇನ್ನೊಬ್ಬರ ಕೈಲಿ ಹೇಳಿ ಕಳಿಸಿದ್ದು ಸಾಕು! ನಾನೇ ಕೇಳ್ತೀನಿ." ಸಂಧ್ಯಾ ಗೋಣಿಚೀಲದ ಕಡೆ ನೋಡಿದಳು. ಕೆಂಚನ ಬೆನ್ನ ಮೇಲೆ ಪುಟ್ಟಿ ತಲೆಯಿಟ್ಟು ನಿದ್ದೆ ಹೋಗಿತ್ತು. "ಅವತ್ತು ಒಂದಿತ್ತು, ಈಗ ಎರಡಾದ್ವು. ಎರಡನ್ನೂ... ಕರ್ಕೊಂಡು ಬರಬೋದಾ?"

ಅವನು ನಕ್ಕ. ವರ್ಷದ ಹಿಂದಿನ ಅದೇ ನಗು.

"ಅದಕ್ಕೇನ್ರಿ... ಬರಲಿ."