ಬೂಟ್‌ನಲ್ಲಿ ಜಾಗ ಇಲ್ಲ

"ಅಪ್‌ಡೇಟ್ ಒತ್ತು ಅಂತ ನಿನಗೆ ಯಾರೇ ಹೇಳಿದ್ರು?" ದಿಲ್ನಾ ಕಿರುಚಿದಳು.

ನಜ್ವಾ ಮೌಸ್‌ನಿಂದ ಕೈ ತೆಗೆದಳು. ಪೊನ್ನಾನಿಯ ಅವರ ಶಾಲೆಯ ಲ್ಯಾಬಿನಲ್ಲಿ ಕಿಟಕಿ ಪಕ್ಕದ ಕಂಪ್ಯೂಟರ್ ಇಬ್ಬರಿಗೂ ಸೇರಿದ್ದು. ಅದರಲ್ಲೀಗ ಅಪ್‌ಡೇಟ್ ಅರ್ಧಕ್ಕೇ ನಿಂತಿತ್ತು. ಬೂಟ್‌ನಲ್ಲಿ ಜಾಗ ಇಲ್ಲವಂತೆ!

ಊಟ ಆದಮೇಲೆ ಇಡೀ ಶಾಲೆ ದಿಲ್ನಾಳ ಕಾಗೆ ಕಾರ್ಟೂನ್ ನೋಡಬೇಕಿತ್ತು. ಆ ಕಾಗೆ ಇದರೊಳಗೇ ಇತ್ತು.

ಪ್ರಸೀದ ಟೀಚರ್ ಓಡಿ ಬಂದರು. "ಯಾರೂ ಆಫ್ ಮಾಡಿಲ್ಲ ತಾನೆ? ಹೀಗೇ ಆಫ್ ಮಾಡಿದ್ರೆ ಮತ್ತೆ ಏಳದೇ ಇರಬಹುದು."

"ಡಿಸ್ಕಲ್ಲಿ ಬೇಕಾದಷ್ಟು ಜಾಗ ಇದೆಯಲ್ಲಾ ಟೀಚರ್!" ಎಂದಳು ದಿಲ್ನಾ.

"ಮನೆ ದೊಡ್ಡದಿದ್ರೂ ಚಪ್ಪಲಿ ಗೂಡು ಚಿಕ್ಕದಿರಲ್ವಾ? ಬೂಟ್ ಅನ್ನೋದು ಅಂಥದೇ ಬೇರೆ ಗೂಡು. ಕಂಪ್ಯೂಟರನ್ನ ಎಬ್ಬಿಸೋ ಕರ್ನಲ್ ಅನ್ನೋ ಪ್ರೋಗ್ರಾಂ ಅಲ್ಲಿರತ್ತೆ. ಅಪ್‌ಡೇಟಲ್ಲಿ ಹೊಸದು ಬಂದ್ರೂ ಹಳೇವು ಜಾಗ ಬಿಡಲ್ಲ."

"ಬೇರೆ ಗೂಡಾ?" ನಜ್ವಾಳ ಮುಖ ಬಿಳಿಚಿಕೊಂಡಿತು.

"ಹಳೇವನ್ನೆಲ್ಲ ತೆಗೆದುಬಿಡ್ಲಾ?" ದಿಲ್ನಾ ಕೀಬೋರ್ಡ್ ಎಳೆದುಕೊಂಡಳು.

"ತಡಿಯೇ ಮಾರಾಯ್ತಿ!" ಎಂದರು ಟೀಚರ್. "ಈಗ ಓಡ್ತಿರೋದು ಯಾವುದು, ಮೊದ್ಲು ನೋಡು. ಅದನ್ನ ಮುಟ್ಟಬೇಡ. ಅದರ ಹಿಂದಿನದೂ ಒಂದಿರಲಿ, ಹೊಸದು ಕೈಕೊಟ್ರೆ ಬೇಕಾಗತ್ತೆ."

ನಜ್ವಾ ಕರ್ನಲ್‌ಗಳ ಹೆಸರಿನಲ್ಲಿದ್ದ ಒಂದೊಂದೇ ಅಂಕಿ ಓದಿದಳು. ದಿಲ್ನಾ ಟೈಪ್ ಮಾಡಿದಳು. ಹಳೆಯ ಕರ್ನಲ್‌ಗಳು ಹೋದವು. ನಿಂತಿದ್ದ ಅಪ್‌ಡೇಟ್ ಮೆಲ್ಲಗೆ ಮುಂದುವರಿದು ಮುಗಿಯಿತು.

"ಈಗ ರೀಸ್ಟಾರ್ಟ್," ಎಂದರು ಟೀಚರ್.

ಪರದೆ ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಟೀಚರೂ ಸೆರಗಿನ ತುದಿ ತಿರುಚತೊಡಗಿದರು.

ಆಮೇಲೆ ಬೆಳಕು ಬಂತು.

"ಎದ್ದಿತು!" ಎಂದು ಕುಣಿಯುತ್ತ ದಿಲ್ನಾ ಫೋಲ್ಡರ್ ತೆರೆದಳು. ಕಾಗೆ ಕ್ಷೇಮವಾಗಿತ್ತು. ಆದರೆ ಪಕ್ಕದಲ್ಲಿರಬೇಕಿದ್ದ ನಜ್ವಾಳ ದೋಣಿ ಕಾರ್ಟೂನ್ ಇರಲಿಲ್ಲ.

"ನಿನ್ನ ದೋಣಿ ಎಲ್ಲೇ?"

"ಜಾಗ ಇಲ್ಲ ಅಂತು. ಗಾಬರಿಯಾಗಿ ಅಳಿಸಿಬಿಟ್ಟೆ. ಪೂರ್ತಿಯಾಗಿ."

"ನಿಂದನ್ನಾ? ನನ್ನದಲ್ವಾ ದೊಡ್ಡದು?"

"ನಿಂದು ಇವತ್ತೇ ತೋರಿಸಬೇಕಿತ್ತಲ್ಲ," ಎಂದಳು ನಜ್ವಾ, ನೆಲ ನೋಡುತ್ತ. "ಅಳಿಸಿದ್ದು ದಂಡ ಆಯ್ತು. ಬೂಟ್ ಬೇರೆ ಅಂತ ನನಗೇನು ಗೊತ್ತಿತ್ತು?"

ದಿಲ್ನಾಳಿಗೆ ತಾನು ಕಿರುಚಿದ್ದು ನೆನಪಾಯಿತು. ಕಿವಿ ಬಿಸಿಯಾಯಿತು.

ಊಟದ ಬೆಲ್ ಆಯಿತು. ಮಕ್ಕಳೆಲ್ಲ ತಟ್ಟೆ ಹಿಡಿದು ಓಡಿದರು. ದಿಲ್ನಾ ಏಳಲಿಲ್ಲ. ಇನ್ನೊಂದು ಕುರ್ಚಿ ಎಳೆದು ತನ್ನ ಕುರ್ಚಿಗೆ ತಾಗಿಸಿದಳು. ಖಾಲಿ ಹಾಳೆಯೊಂದನ್ನು ಪರದೆಯ ಮೇಲೆ ತೆರೆದಳು.

"ಬಾ, ಕೂತ್ಕೋ," ಎಂದಳು. "ದೋಣಿಗೆ ಯಾವ ಬಣ್ಣ ಹಾಕಿದ್ದೆ?"