ಕೆರೆದು ಅಳಿಸಿದ ಹೆಸರು

ಸೋಮವಾರ ಬೆಳಿಗ್ಗೆ ಆಳಂದ ಠಾಣೆಯ ಕಸ ಗುಡಿಸುವ ಮೊದಲೇ ಚಂದ್ರಾಮಪ್ಪ ಬಂದು ಬೆಂಚಿನ ಮೇಲೆ ಕುಳಿತಿದ್ದರು. ಅವರು ಭೂಮಾಪನ ಇಲಾಖೆಯ ನಿವೃತ್ತ ನಕ್ಷೆಗಾರ. ಕಂಪ್ಯೂಟರ್ ಬರುವ ಮುಂಚೆ ಇಡೀ ತಾಲ್ಲೂಕಿನ ನಕ್ಷೆಯನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಕೈಯಿಂದಲೇ ಬರೆದವರು. ಅವರ ಮನೆಯಲ್ಲೇ ಇದ್ದ ಆ ನಕ್ಷೆ ಬುಧವಾರ ಕಲಬುರಗಿಯ ಪ್ರದರ್ಶನಕ್ಕೆ ಹೋಗಬೇಕಿತ್ತು.

"ನಕ್ಷಾದ ಮೂಲಿಯಾಗ ನನ್ನ ಹೆಸರಿತ್ರಿ ಮೇಡಂ. ಯಾರೋ ಕೆರೆದು ತಗದಾರ. ಜಲ್ಮದಾಗ ನನ್ನ ಹೆಸರು ಹಾಕಿದ್ದು ಅದೊಂದಕ್ಕs."

"ಯಾರ ಮ್ಯಾಲ ಸಂಶಯ?" ಇನ್‌ಸ್ಪೆಕ್ಟರ್ ವಿದ್ಯಾವತಿ ಕೇಳಿದರು.

"ಬಾಜೂ ಮನಿ ಗುರುಶಾಂತ. ಗ್ವಾಡಿ ಸಲುವಾಗಿ ದಿನಾ ಜಗಳಾ ತಗೀತಾನ್ರಿ."

ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಚಂದ್ರಾಮಪ್ಪನವರ ಮನೆಯಲ್ಲಿ ಸ್ಥಳ ಪಂಚನಾಮೆ. ಕಾನ್‌ಸ್ಟೇಬಲ್ ಮಹೇಶಕುಮಾರ ಹೇಗೋ ಸಾಕ್ಷಿಗೆ ಇಬ್ಬರು ಪಂಚರನ್ನು ಹಿಡಿದು ತಂದ. ಆಳಂದದಲ್ಲಿ ಕಳ್ಳರು ಸಿಗುತ್ತಾರೆ, ಪಂಚರು ಸಿಗುವುದಿಲ್ಲ. ಭಾನುವಾರ ಮನೆಯವರೆಲ್ಲ ಜಿಡಗಾ ಮಠಕ್ಕೆ ಹೋಗಿದ್ದರು. ಬೀಗ ಒಡೆದಿರಲಿಲ್ಲ. ಕೀಲಿ ಗೋಡೆಯ ಗೂಡಿನಲ್ಲಿ ಇಟ್ಟಲ್ಲೇ ಇತ್ತು.

ನಕ್ಷೆಯಲ್ಲಿ ಅಮರಜಾ ಹೊಳೆ, ಕಡಗಂಚಿ, ಕಿಣ್ಣಿ ಸುಲ್ತಾನ ಊರುಗಳು ಎಲ್ಲವೂ ಕೂದಲೆಳೆಯಂಥ ಗೆರೆಗಳಲ್ಲಿ ಹಾಗೇ ಇದ್ದವು. ಹೆಸರಿದ್ದ ಜಾಗ ಮಾತ್ರ ಖಾಲಿ. ಅಲ್ಲಿ ಸೀಮೆಸುಣ್ಣದಂಥ ಬಿಳಿ ಪುಡಿ, ನಡುವೆ ಒಂದು ಕಪ್ಪು ಚುಕ್ಕೆ. ಗುರುಶಾಂತನಾಗಿದ್ದರೆ ನಕ್ಷೆಯನ್ನೇ ಹರಿದು ಒಲೆಗೆ ಹಾಕುತ್ತಿದ್ದ, ಇಷ್ಟು ನಾಜೂಕು ಅವನಿಗೆಲ್ಲಿಂದ ಬರಬೇಕು?

"ಈ ಪುಡಿ ಏನ್ರಿ?" ವಿದ್ಯಾವತಿ ಕೇಳಿದರು.

ಚಂದ್ರಾಮಪ್ಪ ಬಗ್ಗಿ ನೋಡಿದರು. "ಖಡುವಿನ ಪುಡಿ. ಬ್ಲೇಡಿಲೆ ಕೆರೆದ ಮ್ಯಾಲ ಉಗುರಿಲೆ ತಿಕ್ಕಿ ನುಣ್ಣಗ ಮಾಡಿ ಇದನ್ನ ಹಚ್ಚತೇವ್ರಿ. ಇಲ್ಲಂದ್ರ ಹೊಸಾ ಮಸಿ ಹರಡತದ."

"ಹಚ್ಚತೇವಿ ಅಂದ್ರ ಯಾರ್ಯಾರು?"

"ನಕ್ಷಾ ಬರಿಯೋರಂತ ಊರಾಗ ಉಳದವರು ಇಬ್ಬರs. ನಾನು, ಮತ್ತ..." ಅವರು ಕುರ್ಚಿ ಎಳೆದು ಕುಳಿತರು. "ಕಂಪ್ಲೇಂಟ್ ವಾಪಸ್ ತಗೋತೇನ್ರಿ."

"ಎಫ್‌ಐಆರ್ ಆಗ್ಯದ. ಹೆಸರು ಹೇಳ್ರಿ."

"ಖಾಜಾ. ಮೂವತ್ತು ವರ್ಷ ಒಂದs ಮೇಜಿಗೆ ಕೂತು ಕೆಲಸಾ ಮಾಡೇವಿ. ಕೀಲಿ ಎಲ್ಲಿರತದಂತ ಅವಗ ಗೊತ್ತದ."

ಖಾಜಾ ಅವರ ಮನೆಯಲ್ಲಿ ಹೆಂಡತಿ ಹುಸೇನಬೀ ಚಹಾಕ್ಕೆ ಇಡಲು ಹೋದರು. ಮಹೇಶಕುಮಾರ ಪಂಚರೆದುರು ಸಾಮಾನಿನ ಪೆಟ್ಟಿಗೆ ತೆರೆದ. ಕಂಪಾಸು, ರೂಲಿಂಗ್ ಪೆನ್ನು, ಹಿತ್ತಾಳೆಯ ಅಳತೆಪಟ್ಟಿ ಎಲ್ಲ ಒರೆಸಿಟ್ಟಂತೆ ಹೊಳೆಯುತ್ತಿದ್ದವು. ಅಕ್ಷರ ಬರೆಯುವ ನಿಬ್ಬೊಂದರಲ್ಲಿ ಮಾತ್ರ ಮಸಿ ಒಣಗಿತ್ತು.

"ಇದೊಂದನ್ನ ಯಾಕ ತೊಳೀಲಿಲ್ರಿ?" ವಿದ್ಯಾವತಿ ಕೇಳಿದರು.

ಖಾಜಾ ಪೆಟ್ಟಿಗೆಯನ್ನು ಅವರತ್ತ ಸರಿಸಿದರು. "ಆಫೀಸಿನ್ಯಾಗ ಸಾಹೇಬರು ಯಾವಾಗ ಬಂದ್ರೂ ಚಂದ್ರಾಮಪ್ಪನ ಕೈ ನೋಡ್ರೋ ಅಂತಿದ್ರು. ಯಾಕ, ನನ್ನ ಕೈಗೆ ಹುಳಾ ಬಿದ್ದಿದ್ವೇನು? ಹೊಟ್ಟಿ ಉರೀತಿತ್ರಿ ಮೇಡಂ. ಈಗ ಮುಪ್ಪಿನಾಗೂ ಅವಂದs ಹೆಸರು, ಅದೂ ಗಾಜಿನ ಪೆಟ್ಟಿಗ್ಯಾಗ!"

"ಆ ಜಾಗಾಕ್ಕ ನಿಮ್ಮ ಹೆಸರು ಬರೀಬೇಕಂತ ಮಾಡಿದ್ರಿ?"

"ಹೌದ್ರಿ."

"ಮತ್ತ್ಯಾಕ ಬರೀಲಿಲ್ಲ?"

"ನಿಬ್ಬು ಊರಿದೆ, ಕೈ ನಡುಗ್ತು. ಅಂಥಾ ಚಂದದ ನಕ್ಷಾದ ಮ್ಯಾಲ ಸೊಟ್ಟ ಅಕ್ಷರ ಹ್ಯಾಂಗ ಬರೀಲ್ರಿ?"

ಸಂಜೆ ನಾಲ್ಕಕ್ಕೆ ಬಂಧನವಾಯಿತು. ನಕ್ಷೆ, ನಿಬ್ಬು ಎರಡೂ ಸಾಕ್ಷ್ಯವಾಗಿ ಮುದ್ದೆಮಾಲಿಗೆ ಸೇರಿದವು; ನಕ್ಷೆ ಇನ್ನು ಪ್ರದರ್ಶನಕ್ಕೆ ಹೋಗುವಂತಿರಲಿಲ್ಲ. ಆರೋಪಿಯ ಉದ್ದೇಶ ಎಂಬಲ್ಲಿ ಮಹೇಶಕುಮಾರ 'ಹೊಟ್ಟೆಕಿಚ್ಚು' ಎಂದು ಬರೆದ.

ಠಾಣೆಯಲ್ಲಿ ವಿದ್ಯಾವತಿ ಖಾಜಾ ಅವರ ಹೇಳಿಕೆಯನ್ನು ಓದಿ ಹೇಳಿದಾಗ ಚಂದ್ರಾಮಪ್ಪ ನಡುವೆ ಕೈ ಎತ್ತಿ ತಡೆದರು.

"ಚಂದದ ನಕ್ಷಾ ಅಂದನೇನ್ರಿ?"

"ಹೌದ್ರಿ. ಹಂಗs ಅಂದ್ರು."

"ಮೂವತ್ತು ವರ್ಷದಾಗ ಒಮ್ಮಿನೂ ಅಂದಿರಲಿಲ್ರಿ," ಎಂದು ಅವರು ಟವೆಲಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಖಾಜಾ ಅವರ ಜಾಮೀನಿಗೆ ಎಲ್ಲಿ ಸಹಿ ಮಾಡಬೇಕೆಂದು ಕೇಳಿದರು.